ಹವಳದ ದಿಬ್ಬಕ್ಕೆ ಬಂದ ಅನುದಾನ: ಮನ್ನಾರ್ ಕೊಲ್ಲಿಯ ಲೆಕ್ಕ

ಮೀನುಗಾರರಿಗೆ ಸರಕಾರದ ನೆರವು ಎಂದಾಗ ಕಾಸರಗೋಡು ಕರಾವಳಿಯ ಮನೆಗಳಿಗೆ ಮೊದಲು ನೆನಪಾಗುವುದು ಸಂಪಾದ್ಯ ಸಮಾಶ್ವಾಸ ಯೋಜನೆ. ಮೀನುಗಾರ 1,500 ರೂಪಾಯಿ ಕಟ್ಟುತ್ತಾನೆ, ಕೇಂದ್ರ ಮತ್ತು ರಾಜ್ಯ ಸರಕಾರಗಳು ತಲಾ ಅಷ್ಟೇ ಸೇರಿಸುತ್ತವೆ, ಕಡಲಿಗಿಳಿಯಲಾಗದ ತಿಂಗಳುಗಳಲ್ಲಿ 4,500 ರೂಪಾಯಿ ಕೈಗೆ ಬರುತ್ತದೆ. ಇದು ಮನೆಯ ಒಲೆ ಆರದಿರಲಿ ಎಂದು ಕೊಡುವ ಹಣ. ಇದರ ಹೊರತಾಗಿ ಇನ್ನೊಂದು ಬಗೆಯ ಹಣವಿದೆ. ಅದು ಬರುವುದು ಕಡಲಿನ ಹೆಸರಿಗೆ. ಇಂತಿಷ್ಟು ಜಾಗದಲ್ಲಿ ಬಲೆ ಬೀಸಬೇಡಿ, ಇಂತಹ ಬಲೆ ಬಳಸಬೇಡಿ, ಮೀನು ಮರಿಯಿಡುವ ಜಾಗವನ್ನು ಕಾಯಿರಿ, ಅದಕ್ಕಾಗಿ ಇಷ್ಟು ವರ್ಷ ಇಷ್ಟು ಹಣ ಕೊಡುತ್ತೇವೆ ಎನ್ನುವ ಅನುದಾನ ಅದು. ವಿದೇಶಿ ನಿಧಿಗಳಿಂದ, ಕೇಂದ್ರದಿಂದ, ಕೆಲವೊಮ್ಮೆ ಖಾಸಗಿ ಪ್ರತಿಷ್ಠಾನಗಳಿಂದ ಬರುವ ಈ ಹಣದ ದೊಡ್ಡ ಪಾಲು ಹೋಗುವುದು ಹವಳದ ದಿಬ್ಬಗಳಿರುವ ಕಡಲಿಗೆ.

ಇಂತಹ ಅನುದಾನ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿಯಲು ದೂರದ ದೇಶಕ್ಕೆ ಹೋಗಬೇಕಿಲ್ಲ. ತಮಿಳುನಾಡಿನ ರಾಮೇಶ್ವರದಿಂದ ತೂತುಕುಡಿವರೆಗಿನ ಮನ್ನಾರ್ ಕೊಲ್ಲಿಯಲ್ಲಿ ಕಾಲು ಶತಮಾನದ ಅನುಭವ ಕಣ್ಣೆದುರಿಗಿದೆ.

ಕಲ್ಲಾಗಿ ಹೋದ ಹವಳ

ಈ ಕೊಲ್ಲಿಯಲ್ಲಿ ದಡದಿಂದ ಸ್ವಲ್ಪ ದೂರಕ್ಕೆ ಮಣಿಸರದಂತೆ 21 ಕಿರುದ್ವೀಪಗಳಿದ್ದವು. ಸುತ್ತ ಹವಳದ ದಿಬ್ಬಗಳು. ಇಲ್ಲಿ 117 ಜಾತಿಯ ಹವಳಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ‘ಇದ್ದವು’ ಎನ್ನಲು ಕಾರಣ, ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ಈಗ ನೀರಿನ ಮೇಲೆ ಕಾಣುವುದಿಲ್ಲ.

ಹವಳವೆಂದರೆ ಬಂಡೆಯಲ್ಲ. ಸಾಸಿವೆ, ಕಡಲೆ ಗಾತ್ರದ ಜೀವಿಗಳು ಲಕ್ಷಗಟ್ಟಲೆ ಸೇರಿ ಸುಣ್ಣದ ಗೂಡು ಕಟ್ಟುತ್ತವೆ. ಹಳೆಯವು ಸತ್ತ ಮೇಲೆ ಅದೇ ಗೂಡಿನ ಮೇಲೆ ಹೊಸವು ಕಟ್ಟುತ್ತವೆ. ಗುಂಡು ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತವೆ. ಕೊಂಬೆಯಂತೆ ಕವಲೊಡೆಯುವವು ಅದಕ್ಕಿಂತ ಬೇಗ. ಆ ಪೊಟರೆ, ಸಂದುಗಳಲ್ಲಿ ಮೀನು ಅಡಗುತ್ತದೆ, ಮರಿ ಬೆಳೆಯುತ್ತದೆ. ಕಲವ, ವಿಳೈ ಮೀನು, ಸಂಕರ, ಕಿಳಿ ಮೀನು ಎಂದು ತಮಿಳರು ಕರೆಯುವ ಬೆಲೆಬಾಳುವ ಮೀನುಗಳೆಲ್ಲ ಈ ದಿಬ್ಬಗಳ ಆಶ್ರಯದವು. ಇಲ್ಲಿ ಕಾಸರಗೋಡಿನ ಓದುಗರು ಒಂದು ಸಂಗತಿ ಗಮನಿಸಬೇಕು. ಮಲಯಾಳದ ಕಿಳಿಮೀನ್ ಎಂದರೆ ತುಳುವಿನ ಮದ್ಮಲ್. ತಮಿಳಿನ ಕಿಳಿ ಮೀನು ಬೇರೆಯೇ, ಗಿಣಿಯ ಕೊಕ್ಕಿನಂತಹ ಬಾಯಿಯುಳ್ಳ, ಹವಳದ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುವ ಮೀನು. ಅದನ್ನು ಅತಿಯಾಗಿ ಹಿಡಿದರೆ ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಹವಳ ಸತ್ತರೆ ಮೀನಿಗೆ ನೆಲೆ ತಪ್ಪುತ್ತದೆ. ದಿಬ್ಬದ ಮೀನುಗಾರಿಕೆಗೆ ಬೇರೆಯೇ ನಿಯಮ ಬೇಕೆನ್ನುವುದು ಈ ಕಾರಣಕ್ಕೆ.

ಮನ್ನಾರ್ ಕೊಲ್ಲಿಯ ದಿಬ್ಬಗಳಿಗೆ ಮೊದಲು ಪೆಟ್ಟು ಬಿದ್ದದ್ದು ಮೀನು ಹಿಡಿದದ್ದರಿಂದಲ್ಲ. ದಶಕಗಳ ಕಾಲ ಹವಳವನ್ನು ಕಡಿದು ಮನೆಗೆ ಕಲ್ಲಾಗಿ, ಸುಣ್ಣದ ಗೂಡಿಗೆ, ಕಾರ್ಖಾನೆಗೆ ಸಾಗಿಸಲಾಯಿತು. ಒಟ್ಟು ಸುಮಾರು 110 ಚದರ ಕಿಲೋಮೀಟರ್ ದಿಬ್ಬದಲ್ಲಿ 32 ಚದರ ಕಿಲೋಮೀಟರಿನಷ್ಟು ಹೀಗೆ ನಾಶವಾಯಿತು ಎಂಬುದು ತೂತುಕುಡಿಯ ಸುಗಂತಿ ದೇವದಾಸನ್ ಕಡಲ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಂದಾಜು. 1986ರಲ್ಲಿ ದ್ವೀಪಗಳ ಸುತ್ತಲಿನ 560 ಚದರ ಕಿಲೋಮೀಟರ್ ಪ್ರದೇಶವನ್ನು ಕಡಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1989ರಲ್ಲಿ ಸುತ್ತಲಿನ 10,500 ಚದರ ಕಿಲೋಮೀಟರ್ ಜೀವಗೋಳ ಮೀಸಲು ಪ್ರದೇಶವಾಯಿತು. ಕಾಗದದ ಮೇಲೆ ಗಡಿ ಬಿತ್ತು, ಹವಳ ಕಡಿಯುವುದು ಮಾತ್ರ ನಿಲ್ಲಲಿಲ್ಲ. 2001ರಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೆ, ಹವಳವನ್ನೂ ಸೇರಿಸಲಾಯಿತು. ಅದೇ ಆದೇಶದಲ್ಲಿ ಕಡಲ ಸೌತೆಯೂ ಸೇರಿತು. ತಮಿಳಿನಲ್ಲಿ ಕಡಲ್ ಅಟ್ಟೈ ಎನ್ನುವ ಈ ಜೀವಿಯನ್ನು ಒಣಗಿಸಿ ಹೊರದೇಶಕ್ಕೆ ಕಳುಹಿಸುವುದೇ ಸಾವಿರಾರು ಮುಳುಗುಗಾರರ ದುಡಿಮೆಯಾಗಿತ್ತು. ಒಂದು ಆದೇಶದಿಂದ ಅದು ಅಪರಾಧವಾಯಿತು.

ಅನುದಾನ ಬಂದದ್ದು ಈ ಹೊತ್ತಿನಲ್ಲಿ.

ಡಾಲರ್ ಊರು ಸೇರುವ ದಾರಿ

ಜಾಗತಿಕ ಪರಿಸರ ನಿಧಿ ಎಂಬುದು 1991ರಲ್ಲಿ ಆರಂಭವಾದ ಸಂಸ್ಥೆ. ಶ್ರೀಮಂತ ದೇಶಗಳು ಅದಕ್ಕೆ ಹಣ ಹಾಕುತ್ತವೆ, ಉಳಿದ ದೇಶಗಳು ಪರಿಸರ ಕಾರ್ಯಕ್ಕೆ ಅದರಿಂದ ಅನುದಾನ ಪಡೆಯುತ್ತವೆ. ಮನ್ನಾರ್ ಕೊಲ್ಲಿಗೆ ಅದು ಕೊಟ್ಟದ್ದು 76.5 ಲಕ್ಷ ಡಾಲರ್. ಅಂದಿನ ದರದಲ್ಲಿ ಸುಮಾರು 37 ಕೋಟಿ ರೂಪಾಯಿ. ಈ ನಿಧಿ ಯಾವ ಊರಿಗೂ ನೇರವಾಗಿ ಹಣ ಕೊಡುವುದಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ, ಕೇಂದ್ರ ಸರಕಾರದ ಒಪ್ಪಿಗೆಯೊಂದಿಗೆ, ತಮಿಳುನಾಡು ಸರಕಾರ 2000ದಲ್ಲಿ ಸ್ಥಾಪಿಸಿದ ಮನ್ನಾರ್ ಕೊಲ್ಲಿ ಜೀವಗೋಳ ಮೀಸಲು ಟ್ರಸ್ಟ್‌ಗೆ ಹಣ ಬಂತು. ಟ್ರಸ್ಟ್‌ನಿಂದ ಊರಿನ ಪರಿಸರ ಅಭಿವೃದ್ಧಿ ಸಮಿತಿಗೆ, ಸಮಿತಿಯಿಂದ ಸ್ವಸಹಾಯ ಗುಂಪಿಗೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಕಡತ, ಒಂದು ತಪಾಸಣೆ, ಒಂದಿಷ್ಟು ಕಾಯುವಿಕೆ. ಜೊತೆಗೆ ನಿಧಿಯ ಷರತ್ತಿನಂತೆ ಸರಕಾರವೂ ತನ್ನ ಪಾಲು ಹಾಕಬೇಕಿತ್ತು. ಕೆಲಸ 2002ರಲ್ಲಿ ಆರಂಭವಾಗಿ, ಅವಧಿ ವಿಸ್ತರಣೆಯಾಗಿ, 2012ರವರೆಗೆ ನಡೆಯಿತು.

37 ಕೋಟಿ ಎಂದರೆ ಕೇಳಲು ದೊಡ್ಡ ಮೊತ್ತ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರೂಮುಕ್ಕಾಲು ಕೋಟಿಯೂ ಆಗುವುದಿಲ್ಲ. ಈ ತೀರದಲ್ಲಿ ಇನ್ನೂರಕ್ಕೂ ಹೆಚ್ಚು ಊರುಗಳಿವೆ. ಇನ್ನೂರು ಎಂದೇ ಲೆಕ್ಕ ಹಿಡಿದರೂ ಊರೊಂದಕ್ಕೆ ವರ್ಷಕ್ಕೆ 1.85 ಲಕ್ಷ ರೂಪಾಯಿ. ಅದರಲ್ಲೇ ಸಿಬ್ಬಂದಿಯ ಸಂಬಳ, ಗಸ್ತು ದೋಣಿಯ ಡೀಸೆಲ್, ಸಂಶೋಧನೆ, ತರಬೇತಿ, ಸಭೆ, ವರದಿ. ಮನೆಯ ಲೆಕ್ಕಕ್ಕೆ ತಂದರೆ ಇದು ಮೀನುಗಾರನ ನಷ್ಟ ತುಂಬಿಕೊಡುವ ಹಣವಲ್ಲ ಎಂಬುದು ಸ್ಪಷ್ಟ. ‘ವಿದೇಶದಿಂದ ಕೋಟಿ ಕೋಟಿ ಬಂತು’ ಎಂದು ಊರಲ್ಲಿ ಸುದ್ದಿ ಹಬ್ಬುವುದು ಸುಲಭ. ಈ ಭಾಗಾಕಾರ ಮಾಡಿ ತೋರಿಸುವವರು ಕಡಿಮೆ.

ಹಾಗಿದ್ದೂ ಈ ಹಣದಲ್ಲಿ ಕೆಲವು ಗಟ್ಟಿ ಕೆಲಸಗಳಾದವು. ಮುಖ್ಯವಾದದ್ದು ಊರಿನ ಸಮಿತಿಗಳ ಕೈಗೆ ಕೊಟ್ಟ ಮೂಲಧನ. ಕುಟುಂಬಶ್ರೀಯ ಒಳಸಾಲ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಮ್ಮೆ ಕೊಟ್ಟ ಹಣವನ್ನು ಸದಸ್ಯರು ಸಾಲವಾಗಿ ಪಡೆಯುತ್ತಾರೆ, ಆಡು ಸಾಕಣೆಗೋ ಸಣ್ಣ ಅಂಗಡಿಗೋ ಒಣಮೀನು ವ್ಯಾಪಾರಕ್ಕೋ ಬಳಸುತ್ತಾರೆ, ಕಂತಿನಲ್ಲಿ ಮರಳಿ ಕಟ್ಟುತ್ತಾರೆ, ಅದೇ ಹಣ ಇನ್ನೊಬ್ಬರಿಗೆ ಹೋಗುತ್ತದೆ. ಗಸ್ತಿನ ಹಣ ಖರ್ಚಾದರೆ ಮುಗಿಯಿತು, ಈ ಹಣ ಮಾತ್ರ ತಿರುಗುತ್ತಿರುತ್ತದೆ. ಮೀನುಗಾರರ ಊರುಗಳಲ್ಲಿ ಬಡ್ಡಿ ವ್ಯಾಪಾರಿಯ ಹಿಡಿತ ಎಷ್ಟೆಂಬುದು ಕರಾವಳಿಯವರಿಗೆ ಹೊಸ ವಿಷಯವಲ್ಲ. ಸಾಲ ಕೊಟ್ಟವನೇ ಮೀನಿನ ಬೆಲೆ ಕಟ್ಟುವಾಗ, ಸಣ್ಣ ಕಣ್ಣಿನ ಬಲೆ ಬಿಡು ಎಂದರೆ ಬಡವ ಬಿಡುವುದು ಹೇಗೆ? ಕೈಯಲ್ಲಿ ಬೇರೆ ಸಾಲದ ದಾರಿಯಿದ್ದರೆ ಆ ಮಾತಿಗೆ ಅರ್ಥ ಬರುತ್ತದೆ.

ಹವಳ ಕಡಿಯುವುದೂ ನಿಂತಿತು. ಆದರೆ ಇದರ ಪೂರ್ತಿ ಯಶಸ್ಸನ್ನು ಅನುದಾನದ ಖಾತೆಗೆ ಬರೆಯುವಂತಿಲ್ಲ. 2001ರ ಕಾಯ್ದೆಯ ಭಯವಿತ್ತು. 2004ರ ಡಿಸೆಂಬರಿನ ಸುನಾಮಿಯಲ್ಲಿ ದ್ವೀಪಗಳೂ ದಿಬ್ಬಗಳೂ ಅಡ್ಡವಿದ್ದದ್ದರಿಂದ ತಮ್ಮ ಊರು ಉಳಿಯಿತು ಎಂಬ ನಂಬಿಕೆ ಜನರಲ್ಲಿ ಬೆಳೆಯಿತು. ಸುನಾಮಿಯ ಬಳಿಕ ಹವಳದ ಗಣಿಗಾರಿಕೆ ಬಹುತೇಕ ಇಲ್ಲವಾಯಿತು. ಫಲವೂ ಕಂಡಿತು. 2005ರ ಹೊತ್ತಿಗೆ ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2009ಕ್ಕೆ ಸುಮಾರು ಶೇಕಡ 43ಕ್ಕೆ ಏರಿತು.

ಮರುವರ್ಷ, 2010ರಲ್ಲಿ, ಕಡಲು ಕಾದಿತು. ನೀರಿನ ಶಾಖ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಬಣ್ಣದ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಆಹಾರ ಒದಗಿಸುವುದು ಆ ಪಾಚಿಯೇ. ಬೇಗ ತಂಪಾದರೆ ಚೇತರಿಸುತ್ತದೆ, ಇಲ್ಲವಾದರೆ ಸಾಯುತ್ತದೆ. 2010ರ ನಂತರ ಹೊದಿಕೆ ಶೇಕಡ 33ಕ್ಕೆ ಇಳಿಯಿತು. ಮತ್ತೆ 39ರವರೆಗೆ ಚೇತರಿಸಿಕೊಂಡಿತು. 2016ರ ಬೇಸಿಗೆಯಲ್ಲಿ ಮತ್ತೊಮ್ಮೆ ಕಾದು ಶೇಕಡ 23ರ ಆಸುಪಾಸಿಗೆ ಕುಸಿಯಿತು. ಊರಿನ ಯಾವ ಸಮಿತಿಯೂ ಮಾಡಿದ ತಪ್ಪಿಗೆ ಬಂದ ಶಿಕ್ಷೆ ಇದಲ್ಲ. ಮೀನುಗಾರಿಕೆ ಹಿಡಿತದಲ್ಲಿದ್ದ, ಕೆಸರು ಕಲಕದ ಜಾಗದಲ್ಲಿ ಹವಳ ಬೇಗ ಚೇತರಿಸುತ್ತದೆ ಎಂಬಷ್ಟು ಮಾತ್ರ ಭರವಸೆ ಕೊಡಬಹುದು. ಅನುದಾನದ ಅರ್ಜಿಯಲ್ಲಿ ‘ಐದು ವರ್ಷದಲ್ಲಿ ಹವಳದ ಹೊದಿಕೆ ಇಷ್ಟು ಶೇಕಡ ಹೆಚ್ಚಿಸಲಾಗುವುದು’ ಎಂದು ಬರೆದುಕೊಡುವವರು ಒಂದು ಬಿಸಿ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಹಣ ಮುಟ್ಟದ ಜಾಗ

ದಿಬ್ಬದ ಮೀನುಗಾರಿಕೆಯಲ್ಲಿ ಬಡವನಿಗೆ ನಿರ್ಬಂಧ ಹಾಕುವುದು ಸುಲಭ, ಬಲಶಾಲಿಗೆ ಕಷ್ಟ. ತಮಿಳುನಾಡಿನ 1983ರ ಕಾಯ್ದೆಯ ಪ್ರಕಾರ ಯಾಂತ್ರಿಕ ಬೋಟುಗಳು ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಬಲೆ ಎಳೆಯುವಂತಿಲ್ಲ. ಆದರೂ ತಳ ಕೆರೆಯುವ ಟ್ರಾಲ್ ಬಲೆಯ ಬೋಟುಗಳು ಒಳಗೆ ಬರುತ್ತವೆಂಬುದು ನಾಡದೋಣಿಯವರ ಹಳೆಯ ದೂರು. ಟ್ರಾಲ್ ಬಲೆ ಎಬ್ಬಿಸಿದ ಕೆಸರು ಹವಳದ ಮೇಲೆ ಕೂರುತ್ತದೆ. ಊರಿನ ಸಮಿತಿಗೆ ಕೊಟ್ಟ ಮೂಲಧನ ಈ ಬೋಟನ್ನು ತಡೆಯಲಾರದು.

ಟ್ರಾಲರುಗಳನ್ನು ಕಡಿಮೆ ಮಾಡಲೆಂದೇ ಪಕ್ಕದ ಪಾಕ್ ಕೊಲ್ಲಿಯಲ್ಲಿ 2017ರಲ್ಲಿ ಪ್ರತ್ಯೇಕ ಯೋಜನೆ ಬಂತು. ಟ್ರಾಲರ್ ಒಪ್ಪಿಸಿದವರಿಗೆ ಆಳಸಮುದ್ರದಲ್ಲಿ ಟ್ಯೂನಾ ಹಿಡಿಯುವ ಹೊಸ ಬೋಟು. ಬೋಟಿನ ಬೆಲೆ 80 ಲಕ್ಷ ರೂಪಾಯಿ. ಅದರಲ್ಲಿ ಶೇಕಡ 50 ಕೇಂದ್ರದ್ದು, 20 ರಾಜ್ಯದ್ದು, 20 ಬ್ಯಾಂಕ್ ಸಾಲ, 10 ಮಾಲಿಕನದು. ಮೂರು ವರ್ಷದಲ್ಲಿ 2,000 ಬೋಟು ಎಂಬ ಗುರಿಯಿತ್ತು. ಗುರಿಯ ಹತ್ತಿರಕ್ಕೂ ಹೋಗಲಾಗಲಿಲ್ಲ. ಶೇಕಡ 70 ಅನುದಾನವೆಂದರೆ ಯಾರು ಬೇಡವೆನ್ನುತ್ತಾರೆ ಎಂದು ಕೇಳಬಹುದು. ಉಳಿದ ಶೇಕಡ 30 ಎಂದರೆ 24 ಲಕ್ಷ ರೂಪಾಯಿ. ದಿನಕ್ಕೊಮ್ಮೆ ಹೋಗಿ ಬರುತ್ತಿದ್ದವರು ವಾರಗಟ್ಟಲೆ ದೂರದ ಕಡಲಲ್ಲಿ ಇರಬೇಕು, ಹೊಸ ಕಸುಬು ಕಲಿಯಬೇಕು, ಅಷ್ಟು ದಿನದ ಡೀಸೆಲ್ ಮತ್ತು ಮಂಜುಗಡ್ಡೆಗೆ ಮುಂಗಡ ಹೊಂದಿಸಬೇಕು. ಬೋಟು ಕೊಳ್ಳಲು ಅನುದಾನವಿತ್ತು, ಬೋಟು ನಡೆಸಲು ಇರಲಿಲ್ಲ. ಮೀನುಗಾರಿಕೆಯ ಅನೇಕ ಯೋಜನೆಗಳು ಎಡವುವುದು ಇದೇ ಹೊಸ್ತಿಲಲ್ಲಿ.

ಒಂದು ಅನುದಾನ ಇನ್ನೊಂದಕ್ಕೆ ಅಡ್ಡ ಬಂದದ್ದೂ ಇದೆ. ‘ಬದಲಿ ಜೀವನೋಪಾಯ’ ಎಂಬುದು ಇಂತಹ ಎಲ್ಲ ಯೋಜನೆಗಳಲ್ಲಿ ಕಾಣುವ ಮಾತು. ಮನ್ನಾರ್ ಮತ್ತು ಪಾಕ್ ಕೊಲ್ಲಿಯಲ್ಲಿ ಹೀಗೆ ಹೆಸರಾದದ್ದು ಕಪ್ಪಾಫೈಕಸ್ ಎಂಬ ಕಡಲಪಾಚಿಯ ಕೃಷಿ. ಫಿಲಿಪ್ಪೀನ್ಸ್ ಮೂಲದ ಈ ಪಾಚಿಯಿಂದ ಐಸ್‌ಕ್ರೀಮ್, ಟೂತ್‌ಪೇಸ್ಟ್‌ಗಳಿಗೆ ಬೇಕಾದ ಅಂಟು ಸಿಗುತ್ತದೆ. 2000ದ ಬಳಿಕ ಒಂದು ಬಹುರಾಷ್ಟ್ರೀಯ ಪಾನೀಯ ಕಂಪನಿಯ ಬೆಂಬಲದಿಂದ ಮಂಡಪಂ ಕಡೆ ವಾಣಿಜ್ಯ ಕೃಷಿ ಶುರುವಾಯಿತು. ಬಿದಿರಿನ ತೆಪ್ಪಕ್ಕೆ ಪಾಚಿಯ ತುಂಡು ಕಟ್ಟಿ ತೇಲಬಿಟ್ಟರೆ ಒಂದೂವರೆ ತಿಂಗಳಲ್ಲಿ ಕೊಯ್ಲು. ಬ್ಯಾಂಕ್ ಸಾಲ, ಸಬ್ಸಿಡಿ ಸಿಕ್ಕಿತು, ಮಹಿಳಾ ಗುಂಪುಗಳಿಗೆ ನಿಜಕ್ಕೂ ಆದಾಯ ಬಂತು. ಆದರೆ 2008ರಲ್ಲಿ ರಾಷ್ಟ್ರೀಯ ಉದ್ಯಾನದೊಳಗಿನ ಕುರುಸಡೈ ದ್ವೀಪದ ಹವಳದ ಮೇಲೆ ಇದೇ ಪಾಚಿ ಚಾಪೆಯಂತೆ ಹಬ್ಬಿ ಹವಳವನ್ನು ಉಸಿರುಗಟ್ಟಿಸುತ್ತಿರುವುದನ್ನು ಸಂಶೋಧಕರು ಪ್ರಕಟಿಸಿದರು. ಬಳಿಕ ಬೇರೆ ದ್ವೀಪಗಳಲ್ಲೂ ಕಂಡಿತು. ಅರಣ್ಯ ಇಲಾಖೆ ಮುಳುಗುಗಾರರಿಂದ ಅದನ್ನು ಕೈಯಿಂದ ಕೀಳಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಅಪಾಯವನ್ನು ಅತಿಯಾಗಿ ಹೇಳಲಾಗುತ್ತಿದೆ, ಸರಿಯಾದ ಜಾಗದಲ್ಲಿ ಬೆಳೆದರೆ ತೊಂದರೆಯಿಲ್ಲ ಎಂಬ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ಮುಗಿದಿಲ್ಲ. ಈ ನಡುವೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ರಾಮನಾಥಪುರ ಜಿಲ್ಲೆಯಲ್ಲಿ 127.7 ಕೋಟಿ ರೂಪಾಯಿಯ ಕಡಲಪಾಚಿ ಪಾರ್ಕ್‌ಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ಒಂದು ಇಲಾಖೆ ಕೀಳುವುದನ್ನು ಇನ್ನೊಂದು ಇಲಾಖೆ ನೆಡುವಂತಾದರೆ ಲೆಕ್ಕ ಕೇಳುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ.

ಪಾಚಿ ಆರಿಸುವ ಹೆಂಗಸರು

ಮೇಲಿನದು ಬೆಳೆಸುವ ಪಾಚಿಯ ಮಾತು. ಅದಕ್ಕೂ ಬಹಳ ಹಿಂದಿನಿಂದ, ದ್ವೀಪಗಳ ಸುತ್ತ ತಾನಾಗಿ ಬೆಳೆಯುವ ಪಾಚಿಯನ್ನು ಮುಳುಗಿ ಆರಿಸುವ ಹೆಂಗಸರು ಇಲ್ಲಿದ್ದಾರೆ. ತಮಿಳಿನಲ್ಲಿ ಕಡಲ್ ಪಾಸಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಕಟ್ಟಿಕೊಂಡು, ಉಸಿರು ಹಿಡಿದು ಮುಳುಗುವ ಕೆಲಸ. ರಾಷ್ಟ್ರೀಯ ಉದ್ಯಾನದ ಗಡಿ ಬಿಗಿಯಾದಾಗ ಮೊದಲು ಸಿಕ್ಕಿಬಿದ್ದವರು ಇವರೇ. ನಿನ್ನೆಯವರೆಗೆ ತಾಯಿ, ಅಜ್ಜಿ ಹೋಗುತ್ತಿದ್ದ ದ್ವೀಪಕ್ಕೆ ಹೋದರೆ ಇಂದು ದಂಡ.

ಹೊರಗಿನವರು ನಿಯಮ ಹೇಳುವವರೆಗೆ ಕಾಯದೆ ಈ ಹೆಂಗಸರು ಒಕ್ಕೂಟ ಕಟ್ಟಿಕೊಂಡು ತಮ್ಮದೇ ಕಟ್ಟುಪಾಡು ಮಾಡಿಕೊಂಡರು. ತಿಂಗಳಲ್ಲಿ 12 ದಿನ ಮಾತ್ರ ಪಾಚಿ ಆರಿಸುವುದು. ಹವಳಕ್ಕೆ ತಾಗುವ ಲೋಹದ ಸಲಕರಣೆ ಬಳಸದೆ ಕೈಯಿಂದಲೇ ಕೀಳುವುದು. ಮೀನು ಹಿಡಿಯಲು ನಿಷೇಧವಿರುವ ಬೇಸಿಗೆಯಲ್ಲಿ ತಾವೂ ಪಾಚಿ ಮುಟ್ಟದೆ ಬಿಡುವುದು. ಮುರಿದವರನ್ನು ಊರವರೇ ಕೇಳುತ್ತಾರೆ. ಪಾಂಬನ್ ಬಳಿಯ ಚಿನ್ನಪಾಲಂನ ಇಂತಹ ಒಬ್ಬ ಮಹಿಳೆಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಪ್ರಶಸ್ತಿ ಅದು. ಆದರೂ ಕಾಯ್ದೆಯ ಕಣ್ಣಲ್ಲಿ ಈ ಹೆಂಗಸರು ಉದ್ಯಾನದೊಳಗೆ ಅತಿಕ್ರಮ ಪ್ರವೇಶ ಮಾಡುವವರಾಗಿಯೇ ಉಳಿದರು.

ಕಾಸರಗೋಡಿನಿಂದ ಬೇಕಲದವರೆಗಿನ ತೀರದಲ್ಲಿ ಭಗವತಿ ಕ್ಷೇತ್ರಗಳ ಸ್ಥಾನಿಕರು ಕೂತು ತೀರ್ಮಾನ ಮಾಡುವ ಕಡಕ್ಕೋಡಿ, ಅಂದರೆ ಕಡಲ ಕೋರ್ಟಿನ ಬಗ್ಗೆ ತಿಳಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಯಾವ ಬಲೆ, ಯಾವ ಜಾಗ, ಯಾವ ಹೊತ್ತು, ಜಗಳವಾದರೆ ದಂಡವೆಷ್ಟು ಎಂಬುದನ್ನು ಊರೇ ನಿರ್ಧರಿಸುವ ಪದ್ಧತಿ ಇಲ್ಲಿಯೂ ಹಳೆಯದು. ಇಂತಹ ಏರ್ಪಾಡು ನಡೆಯಲು ಹೆಚ್ಚು ಹಣ ಬೇಡ. ಬೇಕಾದದ್ದು ಮನ್ನಣೆ. ಅನುದಾನ ಕೊಡುವವರು ಹೊಸ ಸಮಿತಿಯೊಂದನ್ನು ಹುಟ್ಟುಹಾಕಿ ಅದಕ್ಕೆ ಬೋರ್ಡು ಬರೆಸುವ ಮೊದಲು, ಊರಲ್ಲಿ ಆಗಲೇ ಇರುವ ಏರ್ಪಾಡು ಯಾವುದೆಂದು ವಿಚಾರಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಅವಧಿ ಮುಗಿದ ಮೇಲೂ ನಿಂತದ್ದು

ಹೊರಗಿನ ಹಣ ನಿಂತ ಮೇಲೂ ಊರು ದಿಬ್ಬವನ್ನು ಕಾಯ್ದುಕೊಂಡದ್ದಕ್ಕೆ ಜಗತ್ತಿನಾದ್ಯಂತ ಹೇಳುವ ಉದಾಹರಣೆ ಫಿಲಿಪ್ಪೀನ್ಸಿನ ಆಪೋ ದ್ವೀಪದ್ದು. ಒಂದು ಚದರ ಕಿಲೋಮೀಟರೂ ಇಲ್ಲದ ಸಣ್ಣ ದ್ವೀಪ, ಮೀನುಗಾರರೇ ನಿವಾಸಿಗಳು. ಅಲ್ಲಿನ ಸಿಲ್ಲಿಮನ್ ವಿಶ್ವವಿದ್ಯಾಲಯದ ಆಂಜೆಲ್ ಆಲ್ಕಾಲಾ ಮತ್ತು ಅವರ ತಂಡ ವರ್ಷಗಟ್ಟಲೆ ಜನರೊಡನೆ ಮಾತಾಡಿ, 1982ರಲ್ಲಿ ದಿಬ್ಬದ ಒಂದು ಭಾಗವನ್ನು ಮೀನು ಹಿಡಿಯದೆ ಬಿಡಲು ಒಪ್ಪಿಸಿತು. 1992ರಲ್ಲಿ ಆಲ್ಕಾಲಾ ಅವರಿಗೆ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 2023ರಲ್ಲಿ ಅವರು ತೀರಿಕೊಂಡರು.

ಜಾಗ ಬಿಟ್ಟರೆ ಮೀನು ಹೆಚ್ಚುತ್ತದೆ ಎನ್ನಲು ಪುರಾವೆ ಏನು ಎಂದು ಮೀನುಗಾರರು ಕೇಳುವುದು ಸಹಜ. ಆ ಪುರಾವೆ ಸಿಕ್ಕಿದ್ದು ಹತ್ತಿರದ ಸುಮಿಲೋನ್ ದ್ವೀಪದಲ್ಲಿ, ಅದೂ ತಪ್ಪಿನಿಂದ. 1974ರಿಂದ ಅಲ್ಲಿನ ದಿಬ್ಬದ ಕಾಲು ಭಾಗವನ್ನು ಬಿಟ್ಟಿದ್ದರು. 1980ರ ದಶಕದ ನಡುವೆ ರಕ್ಷಣೆ ಸಡಿಲವಾಗಿ ಬಿಟ್ಟ ಜಾಗಕ್ಕೂ ಬಲೆ ಬಿತ್ತು. ಹಿಡಿಯುವ ಜಾಗ ಹೆಚ್ಚಾಯಿತು, ಮೀನೂ ಹೆಚ್ಚಬೇಕಿತ್ತು. ಆದದ್ದು ತಿರುವುಮುರುವು. 1983–84ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 37 ಟನ್ ಇದ್ದ ಇಳುವರಿ 1985–86ಕ್ಕೆ 20 ಟನ್ನಿಗೆ ಇಳಿಯಿತು. ಬಿಟ್ಟ ಜಾಗದಿಂದಲೇ ಉಳಿದ ಜಾಗಕ್ಕೆ ಮೀನು ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಆಪೋದಲ್ಲಿ ಮೀನು ಹೆಚ್ಚಿತು, ಹವಳ ನೋಡಲು ಪ್ರವಾಸಿಗಳು ಬಂದರು, ಅವರಿಂದ ಶುಲ್ಕ ವಸೂಲಾಯಿತು. ಕಾವಲಿನ ಖರ್ಚು ಅದರಲ್ಲೇ ಹೊರಡಬೇಕಿತ್ತು. ಆದರೆ 1994ರಲ್ಲಿ ದ್ವೀಪವನ್ನು ರಾಷ್ಟ್ರೀಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೆ ಶುಲ್ಕದ ಹಣ ಮೊದಲು ರಾಜಧಾನಿ ಮನಿಲಾದ ಖಜಾನೆಗೆ ಹೋಗಿ, ಅಲ್ಲಿಂದ ಶೇಕಡ 75 ಮರಳಿ ಬರಬೇಕಾಯಿತು. ಮರಳಿ ಬರುವುದು ತಡವಾಗುತ್ತಿತ್ತು. ದ್ವೀಪದ ಜನ ದುಡಿದ ಹಣಕ್ಕೆ ದ್ವೀಪದ ಜನವೇ ಅರ್ಜಿ ಹಾಕಿ ಕಾಯುವ ಸ್ಥಿತಿ. 2013ರಲ್ಲಿ ಕಾಯ್ದೆ ತಿದ್ದಿ ಶೇಕಡ 75ನ್ನು ಸ್ಥಳದಲ್ಲೇ ಉಳಿಸಿಕೊಳ್ಳಲು ಅವಕಾಶ ಕೊಡಲಾಯಿತು. ಅಷ್ಟರಲ್ಲಿ 2011 ಮತ್ತು 2012ರ ಡಿಸೆಂಬರಿನ ಎರಡು ಚಂಡಮಾರುತಗಳು ಆ ಬಿಟ್ಟ ಜಾಗದ ಹವಳವನ್ನೇ ಪುಡಿಮಾಡಿದ್ದವು. ಜನ ಜಾಗ ಬಿಟ್ಟುಕೊಡಲಿಲ್ಲ, ದಿಬ್ಬದ ಬೇರೆ ಭಾಗಗಳಲ್ಲಿ ಹವಳ ಉಳಿದಿತ್ತು.

ಹೊರಗಿನ ಹಣವನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ 2025 ಉತ್ತರ ಕೊಟ್ಟಿದೆ. ಫಿಲಿಪ್ಪೀನ್ಸ್ ಸೇರಿ ಅನೇಕ ದೇಶಗಳ ಕರಾವಳಿ ಮೀನುಗಾರಿಕೆಗೆ ದಶಕಗಳಿಂದ ನೆರವಾಗುತ್ತಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಹಣವನ್ನು ಆ ವರ್ಷದ ಜನವರಿಯಲ್ಲಿ ತಡೆಹಿಡಿಯಲಾಯಿತು. ಜುಲೈ 1ಕ್ಕೆ ಸಂಸ್ಥೆಯೇ ಮುಚ್ಚಿತು. ದಿಬ್ಬಗಳಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೂ ಈ ತೀರ್ಮಾನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅರ್ಜಿ ಹಾಕುವವರು ತಿಳಿಯಬೇಕಾದದ್ದು

ಭಾರತದಲ್ಲಿ ಊರಿನ ಸಂಘವೊಂದು ವಿದೇಶಿ ಅನುದಾನ ಪಡೆಯುವುದು 2020ರ ಬಳಿಕ ಮೊದಲಿಗಿಂತ ಕಷ್ಟವಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ ಆ ವರ್ಷ ಮಾಡಿದ ತಿದ್ದುಪಡಿಯಂತೆ, ದೊಡ್ಡ ಸಂಸ್ಥೆಯೊಂದು ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಣ್ಣ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಣ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು ಶೇಕಡ 20 ಮೀರುವಂತಿಲ್ಲ, ಮೊದಲು ಇದು 50 ಇತ್ತು. ದುಂದು ತಡೆಯಲು ಈ ನಿಯಮ ಎಂಬ ಸಮರ್ಥನೆಯಲ್ಲಿ ಸತ್ಯಾಂಶವಿದೆ. ಆದರೆ ದಿಬ್ಬ ಕಾಯುವ ಕೆಲಸದಲ್ಲಿ ಖರ್ಚಾಗುವುದು ಮುಖ್ಯವಾಗಿ ಮನುಷ್ಯರ ದಿನಗೂಲಿಯೇ. ಕಾವಲುಗಾರನ ಸಂಬಳ ಆಡಳಿತ ಖರ್ಚೋ ಕಾರ್ಯಕ್ರಮದ ಖರ್ಚೋ ಎಂಬ ವಾದಕ್ಕೆ ಇಲ್ಲಿ ಬೆಲೆ ಬರುತ್ತದೆ.

ಸ್ವದೇಶಿ ಮೂಲಗಳಲ್ಲಿ ದೊಡ್ಡದು 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆ. ಇದರಲ್ಲಿ ಫಲಾನುಭವಿಗೆ ಘಟಕ ವೆಚ್ಚದ ಶೇಕಡ 40, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 60 ನೆರವು. ದೋಣಿ, ಪಂಜರ, ಶೈತ್ಯಾಗಾರದಂತಹ ಕಣ್ಣಿಗೆ ಕಾಣುವ ಆಸ್ತಿಗೆ ಇದು ಹೊಂದುತ್ತದೆ. ಮೀನು ಹಿಡಿಯದೆ ಬಿಟ್ಟ ಜಾಗಕ್ಕೆ ‘ಘಟಕ ವೆಚ್ಚ’ ಕಟ್ಟುವುದು ಹೇಗೆ ಎಂಬುದಕ್ಕೆ ಇಂತಹ ಯೋಜನೆಗಳಲ್ಲಿ ಉತ್ತರ ಸಿಗುವುದಿಲ್ಲ. ಇದೇ ಯೋಜನೆಯಲ್ಲಿ ಕಡಲಿಗಿಳಿಸುವ ಕೃತಕ ದಿಬ್ಬಗಳಿಗೆ ಹಣವಿದೆ. ಕಾಂಕ್ರೀಟಿನ ಈ ಅಚ್ಚುಗಳು ಮೀನನ್ನು ಸೇರಿಸುತ್ತವೆ, ಟ್ರಾಲ್ ಬಲೆಗೆ ಅಡ್ಡಿಯಾಗುತ್ತವೆ. ಆದರೆ ಅವನ್ನು ಹವಳದ ದಿಬ್ಬವೆಂದು ಯಾರಾದರೂ ವರ್ಣಿಸಿದರೆ ನಂಬಬೇಕಿಲ್ಲ.

ಸಾಲವನ್ನೂ ಅನುದಾನವನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ತೂತುಕುಡಿ ಬಳಿಯ ವಾನ್ ದ್ವೀಪ 1986ರಲ್ಲಿ 16 ಹೆಕ್ಟೇರ್ ಇದ್ದದ್ದು 2014ರ ಹೊತ್ತಿಗೆ ಸುಮಾರು 2 ಹೆಕ್ಟೇರಿಗೆ ಕರಗಿತ್ತು. ಹವಳ ಕಡಿದ ಕಡೆ ಅಲೆಗೆ ತಡೆಯಿಲ್ಲದೆ ಮಣ್ಣು ಕೊಚ್ಚಿಹೋದದ್ದೇ ಮುಖ್ಯ ಕಾರಣ. ಕೇಂದ್ರದ ಹವಾಮಾನ ಹೊಂದಾಣಿಕೆ ನಿಧಿಯಿಂದ ಮನ್ನಾರ್ ಕೊಲ್ಲಿಗೆ ಮಂಜೂರಾದ ಸುಮಾರು 25 ಕೋಟಿ ರೂಪಾಯಿಯ ನೆರವಿನಲ್ಲಿ ದ್ವೀಪದ ಮುಂದೆ ಸಾವಿರಾರು ಕೃತಕ ಅಚ್ಚುಗಳನ್ನು ಇಳಿಸಿದ ಮೇಲೆ ಕೊರೆತ ನಿಂತಿದೆ, ಸ್ವಲ್ಪ ಮಣ್ಣು ಮರಳಿ ಕೂಡಿದೆ. ಅದು ಅನುದಾನ. ಪಕ್ಕದ ಕಾರಿಯಚಲ್ಲಿ ದ್ವೀಪವೂ 1969ರಲ್ಲಿ 20 ಹೆಕ್ಟೇರ್ ಇದ್ದದ್ದು 2018ಕ್ಕೆ 6 ಹೆಕ್ಟೇರಿಗಿಂತ ಕಡಿಮೆಯಾಗಿದೆ. ಅದನ್ನು ಉಳಿಸುವ ಕೆಲಸವನ್ನು ತಮಿಳುನಾಡು ಸೇರಿಸಿರುವುದು ವಿಶ್ವಬ್ಯಾಂಕ್ ನೆರವಿನ ‘ಶೋರ್’ ಯೋಜನೆಯಲ್ಲಿ. 2025ರಲ್ಲಿ ತಮಿಳುನಾಡು ಮತ್ತು ಕರ್ನಾಟಕದ ಕರಾವಳಿಗೆಂದು ಬ್ಯಾಂಕ್ ಮಂಜೂರು ಮಾಡಿದ ಸುಮಾರು 21 ಕೋಟಿ ಡಾಲರಿನ ಈ ಯೋಜನೆ ತಲಪಾಡಿಯ ಗಡಿಯವರೆಗೆ ಬರುತ್ತದೆ, ಮಂಜೇಶ್ವರಕ್ಕೆ ಬರುವುದಿಲ್ಲ. ಅದರ ಹಣ ಸಾಲವಾದ್ದರಿಂದ ಮರಳಿ ಕಟ್ಟಬೇಕು.